ಎತ್ತಿಟ್ಟ ಲೇಖನ ಬೇಕಾದಾಗ ಸಿಗುತ್ತಾ?

ಒಲೆ ಮೇಲೆ ಸಾರು ಕುದೀತಿರುತ್ತೆ, ಕೈಲಿ ಮೊಬೈಲು. ಒಳ್ಳೇ ಲೇಖನವೊಂದು ಕಣ್ಣಿಗೆ ಬೀಳುತ್ತೆ. 'ಆಮೇಲೆ ಓದೋಣ' ಅಂತ ಎತ್ತಿಡ್ತೀವಿ. ಆ 'ಆಮೇಲೆ' ಬಂದಾಗ ಅದು ಸಿಗುತ್ತಾ? ನನಗಂತೂ ಸಿಗಲಿಲ್ಲ.

ಲಕ್ವ ಹೊಡೆದ ಮಾವನವರನ್ನು ಆಸ್ಪತ್ರೆಯಿಂದ ಹಾಸನದ ನಮ್ಮ ಮನೆಗೆ ಕರೆತಂದ ರಾತ್ರಿ. ಹಾಸಿಗೆ ಹಿಡಿದವರ ಆರೈಕೆ ಬಗ್ಗೆ ವೈದ್ಯರೊಬ್ಬರು ಬರೆದ ಲೇಖನವನ್ನು ಹಿಂದೆ ಫೋನಿಗೆ ಇಳಿಸಿಕೊಂಡಿದ್ದೆ. ಹುಡುಕಿದರೆ ಇಲ್ಲ! ಅದಿದ್ದದ್ದು ಹಳೇ ಫೋನಿನಲ್ಲಿ. ಆ ಫೋನನ್ನು ಕೊಟ್ಟು ಹೊಸದು ತಂದು ಎರಡು ತಿಂಗಳಾಗಿತ್ತು. ಫೋಟೊ, ನಂಬರು ಎಲ್ಲಾ ಸಾಗಿಸಿಕೊಂಡವಳು ಇದೊಂದನ್ನು ಮರೆತಿದ್ದೆ.

ಮರುದಿನ ಅರಕಲಗೂಡಿನಿಂದ ಅಮ್ಮ ಮೊದಲ ಬಸ್ಸಿಗೇ ಬಂದರು. ಚೀಲದಲ್ಲಿ ಅವರ ಹಳೇ ಡೈರಿ, ಅದರ ತುಂಬಾ ಮೈದಾ ಅಂಟಿನಲ್ಲಿ ಅಂಟಿಸಿದ ಪೇಪರ್ ಕಟಿಂಗ್‌ಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು, ಹಿಮ್ಮಡಿ ಒದ್ದೆಯಾಗಿರಬಾರದು, ಚರ್ಮ ಕೆಂಪಾದ ಕಡೆ ಉಜ್ಜಬಾರದು ಎಂದು ಓದಿ ಹೇಳಿದರು. ನಾನೂ ನನ್ನವರೂ ಸರದಿ ಹಾಕಿಕೊಂಡೆವು. ಮಾವನವರಿಗೆ ಹಾಸಿಗೆ ಹುಣ್ಣಾಗಲಿಲ್ಲ. 'ಎಲ್ಲಾ ಫೋನಲ್ಲೇ ಇರುತ್ತೆ ಅಂತಿದ್ಯಲ್ಲೇ?' ಅಂತ ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಯಾವ ಆಪ್?

ಲೇಖನ ಎತ್ತಿಡಲೆಂದೇ ಆಪ್‌ಗಳಿವೆ. 2007ರಲ್ಲಿ ಶುರುವಾದ 'ಪಾಕೆಟ್' ಬಹಳ ಹೆಸರುವಾಸಿಯಾಗಿತ್ತು. 2017ರಲ್ಲಿ ಮೊಜಿಲ್ಲಾ ಅದನ್ನು ಕೊಂಡಿತು, 2025ರ ಜುಲೈ 8ರಂದು ಮುಚ್ಚಿಯೂ ಬಿಟ್ಟಿತು. ಅಂದ್ರೆ ಎಷ್ಟೇ ದೊಡ್ಡ ಅಂಗಡಿಯಾದರೂ ಒಂದು ದಿನ ಬಾಗಿಲು ಹಾಕಬಹುದು. 2008ರ 'ಇನ್‌ಸ್ಟಾಪೇಪರ್' ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಸಿಗುತ್ತೆ. ಹೊಳೆನರಸೀಪುರದಿಂದ ಹಾಸನಕ್ಕೆ ದಿನಾ ರೈಲಿನಲ್ಲಿ ಓಡಾಡುವ ನನ್ನ ಗೆಳತಿಗೆ ಇದೇ ಇಷ್ಟ. ಮನೆಯಲ್ಲೇ ಇಳಿಸಿಕೊಂಡರೆ ದಾರಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಓದಬಹುದು.

ಯಾವ ಫೋನು?

ಚನ್ನರಾಯಪಟ್ಟಣದ ನನ್ನ ನಾದಿನಿ ಐಫೋನ್ ತಗೊಳ್ಳೋ ಯೋಚನೆಯಲ್ಲಿದ್ದಾಳೆ. 'ಅತ್ತಿಗೆ, ಯಾವುದು ಒಳ್ಳೇದು?' ಅಂದಳು. ಎರಡೂ ಒಳ್ಳೇದೇ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಚ್ಚರ ಬೇಕು. ಐಫೋನಿನ ಸಫಾರಿ ಬ್ರೌಸರ್ ಆಂಡ್ರಾಯ್ಡ್‌ನಲ್ಲಿ ಇಲ್ಲ. ಅದರ ರೀಡಿಂಗ್ ಲಿಸ್ಟ್‌ನಲ್ಲಿ ಇಟ್ಟದ್ದು ಮುಂದೆ ಆಂಡ್ರಾಯ್ಡ್ ಕೊಂಡರೆ ಅಲ್ಲಿ ತಾನಾಗಿ ಬರಲ್ಲ. ಗೂಗಲ್ ಖಾತೆಯಿಂದ ಸೈನ್ ಇನ್ ಆಗಿ ಕ್ರೋಮ್ ರೀಡಿಂಗ್ ಲಿಸ್ಟ್ ಬಳಸಿದರೆ ಎರಡೂ ಕಡೆ ಸಿಗುತ್ತೆ.

ವಾಟ್ಸಾಪ್‌ನಲ್ಲಿ ಸ್ಟಾರ್ ಹಾಕಿ ಇಡೋರು ಬಹಳ ಜನ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತೆ, ಐಫೋನಿನದು ಐಕ್ಲೌಡ್‌ಗೆ. ಒಂದರ ಬ್ಯಾಕಪ್ ಇನ್ನೊಂದಕ್ಕೆ ನೇರವಾಗಿ ಬರಲ್ಲ. ಸಾಗಿಸೋ ದಾರಿಯೇನೋ ಇದೆ, ಆದರೆ ಹಳೇ ಫೋನು ಪಕ್ಕದಲ್ಲೇ ಇರಬೇಕು. ಹೊಸದನ್ನು ಮೊದಲ ಸಲ ಸಿದ್ಧಪಡಿಸುವಾಗಲೇ ಮಾಡಿಕೊಳ್ಳಿ.

ಇಷ್ಟು ಮಾಡಿ

* ಲಿಂಕ್ ಅಂದ್ರೆ ಬರೀ ವಿಳಾಸ. ವೆಬ್‌ಸೈಟಿನವರು ಲೇಖನ ತೆಗೆದರೆ ಲಿಂಕ್ ಇದ್ದೂ ಪ್ರಯೋಜನವಿಲ್ಲ. ಮುಖ್ಯವಾದದ್ದನ್ನು 'ಪ್ರಿಂಟ್' ಒತ್ತಿ ಪಿಡಿಎಫ್ ಮಾಡಿಟ್ಟುಕೊಳ್ಳಿ.

* ಆ ಪಿಡಿಎಫ್‌ನ ಒಂದು ಪ್ರತಿ ನಿಮ್ಮದೇ ಇ-ಮೇಲ್‌ಗೆ ಕಳಿಸಿ. 'ಆರೋಗ್ಯ', 'ಅಡುಗೆ', 'ಮಕ್ಕಳ ಓದು' ಅಂತ ಕನ್ನಡದಲ್ಲೇ ಹೆಸರು ಕೊಟ್ಟರೆ ಹುಡುಕಲು ಸುಲಭ.

* ಹೊಸ ಫೋನಿನಲ್ಲಿ ಎಲ್ಲಾ ಬಂದಿದೆಯಾ ಅಂತ ನೋಡೋವರೆಗೂ ಹಳೇ ಫೋನು ಕೊಡಬೇಡಿ.

* ವಾರಕ್ಕೊಂದು ಮಧ್ಯಾಹ್ನ ಕೂತು ಎತ್ತಿಟ್ಟದ್ದನ್ನು ಓದಿ. ಬೇಡವಾದದ್ದನ್ನು ಅಳಿಸಿ. ಇನ್ನೂರು ಲೇಖನ ಗುಡ್ಡೆ ಹಾಕಿಕೊಂಡರೆ ಬೇಕಾದ ಒಂದು ಕೈಗೆ ಸಿಗಲ್ಲ.

* ರಾತ್ರಿ ಹೊತ್ತು ತಟ್ಟನೆ ಬೇಕಾಗುವ ಆರೈಕೆ, ಪ್ರಥಮ ಚಿಕಿತ್ಸೆಯಂಥ ವಿಷಯಗಳನ್ನು ಕಾಗದಕ್ಕೂ ಇಳಿಸಿಡಿ. ಅದಕ್ಕೆ ಚಾರ್ಜೂ ಬೇಡ, ಪಾಸ್‌ವರ್ಡೂ ಬೇಡ.

ಅಮ್ಮನ ಡೈರಿ ಈಗ ನಮ್ಮನೆಯಲ್ಲೇ ಇದೆ. ಅದರ ಹಾಳೆಗಳನ್ನೆಲ್ಲ ಫೋಟೊ ತೆಗೆದು ಜೋಪಾನ ಮಾಡಿದ್ದೀನಿ. ಜೊತೆಗೆ ನಾನೂ ಒಂದು ಹೊಸ ಡೈರಿ ತಂದಿದ್ದೀನಿ, ಅಂಟೂ ಕಲಸಿಟ್ಟಿದ್ದೀನಿ!