‘ಎ’, ‘ಆನ್’, ‘ದಿ’: ಇಂಗ್ಲಿಷಿನ ಮೂರು ಕಿರುಪದಗಳು

ಇಂಗ್ಲಿಷನ್ನು ಹತ್ತಾರು ವರ್ಷ ಓದಿ, ಅದರಲ್ಲಿಯೇ ಪತ್ರವ್ಯವಹಾರ ನಡೆಸುವವರು ಕೂಡ ಲೇಖನಿಯನ್ನು ಅರೆಗಳಿಗೆ ತಡೆದು ನಿಲ್ಲಿಸುವ ಸ್ಥಳವೊಂದುಂಟು. ನಾಮಪದಕ್ಕೆ ಮೊದಲು ‘ಎ’ ಬರೆಯಬೇಕೆ, ‘ದಿ’ ಬರೆಯಬೇಕೆ, ಏನನ್ನೂ ಬರೆಯದೆ ಬಿಡಬೇಕೆ? ಕಠಿನವಾದ ಶಬ್ದ ಎದುರಾದರೆ ನಿಘಂಟನ್ನು ತೆರೆಯಬಹುದು. ಈ ಉಪಪದಗಳ ವಿಷಯದಲ್ಲಿ ನಿಘಂಟಿನ ನೆರವು ಸ್ವಲ್ಪವೇ. ಏಕೆಂದರೆ ಇವುಗಳ ಪ್ರಯೋಗವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಶಬ್ದವಲ್ಲ, ಕೇಳುವವನಿಗೆ ಏನು ಗೊತ್ತಿದೆ ಎಂಬುದು.

‘ಆನ್’ ಎಂಬುದು ಮೂಲದಲ್ಲಿ ‘ಒಂದು’ ಎಂಬ ಸಂಖ್ಯಾವಾಚಕವೇ. ವ್ಯಂಜನದ ಮುಂದೆ ನಕಾರವನ್ನು ಕಳೆದುಕೊಂಡು ‘ಎ’ ಆಯಿತು. ‘ದಿ’ ಎಂಬುದು ‘ಆ’ ಎಂದು ಬೆರಳು ಮಾಡಿ ತೋರಿಸುವ ಪದದ ವಂಶದ್ದು. ಸಂಸ್ಕೃತದಲ್ಲಿ, ಲ್ಯಾಟಿನ್ನಿನಲ್ಲಿ ಇಂಥವು ಇಲ್ಲ. ಕನ್ನಡದಲ್ಲಿಯೂ ಇಲ್ಲವೆಂದು ಹೇಳುವುದು ವಾಡಿಕೆ. ಆದರೆ ಆ ಮಾತು ಅರ್ಧ ಮಾತ್ರ ನಿಜವೆಂದು ನಮಗೆ ತೋರುತ್ತದೆ.

ಅಜ್ಜಿ ಕಥೆ ಹೇಳುವಾಗ ‘ಒಂದೂರಿನಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ ಮೂವರು ಮಕ್ಕಳು’ ಎನ್ನುತ್ತಾಳೆ. ಮೊದಲ ಸಲ ರಾಜ ಮಗುವಿಗೆ ಅಪರಿಚಿತ, ಆದ್ದರಿಂದ ‘ಒಬ್ಬ’. ಎರಡನೆಯ ಸಲ ಪರಿಚಿತ, ಆದ್ದರಿಂದ ‘ಆ’. ‘ಎ ಕಿಂಗ್’, ‘ದಿ ಕಿಂಗ್’ ಎಂಬುವುಗಳ ಭೇದವೂ ಇದೇ. ನಮ್ಮ ದ್ವಿತೀಯಾ ವಿಭಕ್ತಿಯಲ್ಲಿ ಇನ್ನೂ ಸೂಕ್ಷ್ಮವಾದ ಗುಟ್ಟು ಅಡಗಿದೆ. ‘ಪೇಟೆಗೆ ಹೋಗಿ ಪುಸ್ತಕ ತಾ’ ಎಂದರೆ ಯಾವುದಾದರೂ ಪುಸ್ತಕ. ‘ಪುಸ್ತಕವನ್ನು ತಾ’ ಎಂದರೆ, ಆಡುಮಾತಿನಲ್ಲಿ ಬಹುಮಟ್ಟಿಗೆ, ಇಬ್ಬರಿಗೂ ಗೊತ್ತಿರುವ ಪುಸ್ತಕ. ವಿವೇಚನೆ ನಮ್ಮಲ್ಲಿ ಉಂಟು. ನಾವು ಅದನ್ನು ಬೇಕೆಂದಾಗ ತೋರಿಸುತ್ತೇವೆ. ಇಂಗ್ಲಿಷು ಹೆಜ್ಜೆಹೆಜ್ಜೆಗೂ ತೋರಿಸಲೇಬೇಕೆಂದು ಹಟ ಹಿಡಿಯುತ್ತದೆ.

ಹಿಂದೆ ಹೆಸರೆತ್ತಿದ ವಸ್ತುವಿಗೆ ಮಾತ್ರವೇ ‘ದಿ’ ಎಂದು ತಿಳಿಯಬಾರದು. ‘ಮನೆಯೊಂದನ್ನು ಕೊಂಡೆ, ಸೂರು ಸೋರುತ್ತದೆ’ ಎಂಬಲ್ಲಿ ಸೂರಿನ ಮಾತು ಬಂದದ್ದು ಇದೇ ಮೊದಲು. ಆದರೂ ‘ದಿ ರೂಫ್’ ಎಂದೇ ಹೇಳಬೇಕು. ಮನೆಯೆಂದ ಮೇಲೆ ಅದಕ್ಕೊಂದು ಸೂರು ಇದ್ದೇ ಇರುತ್ತದೆ, ಯಾವುದೆಂದು ಕೇಳುವವನು ತಾನೇ ಗ್ರಹಿಸುತ್ತಾನೆ.

ಉಪಪದವನ್ನು ಬಿಡುವುದಕ್ಕೂ ಅರ್ಥವುಂಟು. ‘ಹಿ ವೆಂಟ್ ಟು ಪ್ರಿಸನ್’ ಎಂದರೆ ಅವನಿಗೆ ಶಿಕ್ಷೆಯಾಯಿತು. ‘ಟು ದಿ ಪ್ರಿಸನ್’ ಎಂದರೆ ಆ ಕಟ್ಟಡಕ್ಕೆ ಹೋದನೆಂದಷ್ಟೇ, ಕಕ್ಷಿಗಾರನನ್ನು ಕಾಣಲು ವಕೀಲರು ಹೋಗುವ ಹಾಗೆ. ವಕೀಲರ ವಿಷಯದಲ್ಲಿ ಈ ‘ದಿ’ಯನ್ನು ಮರೆಯದಿರುವುದು ಕ್ಷೇಮ. ‘ಫ್ಯೂ ಫ್ರೆಂಡ್ಸ್’ ಎಂದರೆ ಮಿತ್ರರು ಇಲ್ಲವೆನ್ನುವಷ್ಟು ವಿರಳ. ‘ಎ ಫ್ಯೂ ಫ್ರೆಂಡ್ಸ್’ ಎಂದರೆ ಕೆಲವರಾದರೂ ಇದ್ದಾರೆ.

ಇದೆಲ್ಲ ಪಾಠಶಾಲೆಯ ಜಗಳವೆಂದು ಯಾರಾದರೂ ಅಂದಾರು. 1967ರ ಜೂನ್ ತಿಂಗಳಲ್ಲಿ ಇಸ್ರೇಲಿಗೂ ಅದರ ನೆರೆಯ ಅರಬ್ ರಾಷ್ಟ್ರಗಳಿಗೂ ಯುದ್ಧ ನಡೆಯಿತು. ಅದೇ ವರ್ಷ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಲಿ ತನ್ನ 242ನೆಯ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿನ ಸೇನೆ ಹಿಂದೆಗೆಯತಕ್ಕದ್ದೆಂಬುದು ಅದರ ಒಂದು ತತ್ತ್ವ. ಇಂಗ್ಲಿಷ್ ಪಾಠದಲ್ಲಿ ‘ಟೆರಿಟರೀಸ್’ ಎಂದಿದೆ; ಅದರ ಹಿಂದೆ ‘ದಿ’ ಇಲ್ಲ. ಆದುದರಿಂದ ಎಲ್ಲ ಪ್ರದೇಶಗಳನ್ನೂ ಬಿಡಬೇಕಾಗಿಲ್ಲವೆಂದು ಒಂದು ಪಕ್ಷ ವಾದಿಸಿತು. ಫ್ರೆಂಚ್ ಪಾಠದಲ್ಲಿ ‘ದೇ’ ಎಂಬ ಪದವಿದೆ. ಅದರಲ್ಲಿ ನಿಶ್ಚಿತ ಉಪಪದ ಸೇರಿಕೊಂಡಿರುವುದರಿಂದ ಎಲ್ಲವನ್ನೂ ಬಿಡಬೇಕೆಂದು ಇನ್ನೊಂದು ಪಕ್ಷ ಹೇಳಿತು. ಫ್ರೆಂಚ್ ವ್ಯಾಕರಣಕ್ಕೆ ಅಲ್ಲಿ ಉಪಪದ ಬೇಕೇ ಬೇಕು, ಅದರಿಂದ ಏನೂ ಸಿದ್ಧವಾಗದು ಎಂಬ ಸಮಾಧಾನವೂ ಬಂತು. ಇಂಗ್ಲಿಷಿನಲ್ಲಿ ‘ದಿ’ ಬಿಟ್ಟುಹೋದದ್ದು ಕೈತಪ್ಪಿನಿಂದಲ್ಲ. ಒಪ್ಪಂದಕ್ಕೆ ಎಡೆಯಾಗಲೆಂದು ಆ ಮಾತುಗಳನ್ನು ತೂಗಿ ಇಡಲಾಗಿತ್ತು. ಎರಡು ಕಡೆಯವರೂ ಕೈಯೆತ್ತಲು ಸಾಧ್ಯವಾದದ್ದು ಯಾವ ಕಾರಣದಿಂದಲೋ, ಅನಂತರ ವಾದ ಮುಗಿಯದೆ ಬೆಳೆದದ್ದೂ ಅದೇ ಕಾರಣದಿಂದ.

ಇನ್ನು ‘ಎ’, ‘ಆನ್’ಗಳ ಭೇದ. ಇದಕ್ಕೆ ಅಕ್ಷರವನ್ನು ನೋಡಬಾರದು, ಉಚ್ಚಾರಣೆಯನ್ನು ಕೇಳಬೇಕು. ಇಲ್ಲಿ ಕನ್ನಡಿಗರಿಗೊಂದು ಅನುಕೂಲವುಂಟು: ಸಂಶಯ ಬಂದರೆ ಪದವನ್ನು ನಮ್ಮ ಲಿಪಿಯಲ್ಲಿ ಬರೆದು ನೋಡಿದರಾಯಿತು. ‘ಯೂನಿವರ್ಸಿಟಿ’ ಯಕಾರದಿಂದ ಮೊದಲಾಗುತ್ತದೆ, ಆದ್ದರಿಂದ ‘ಎ’. ಗಂಟೆಯನ್ನು ಹೇಳುವ ‘ಅವರ್’ ಸ್ವರದಿಂದ ಮೊದಲಾಗುತ್ತದೆ, ಆದ್ದರಿಂದ ‘ಆನ್’. ಹೀಗೆಯೇ ‘ಎ ಬಿ.ಎ.’, ‘ಆನ್ ಎಂ.ಎ.’ ಮಾತಿನಲ್ಲಿ ನಾವು ಅದನ್ನು ‘ಯೆಂ.ಎ.’ ಎಂದು ಯಕಾರ ಹಚ್ಚಿ ನುಡಿಯುವುದುಂಟು. ಬರೆಯುವಾಗ ಆ ಯಕಾರವನ್ನು ಲೆಕ್ಕಕ್ಕೆ ಹಿಡಿಯಬಾರದು.