ಬೆಥೆಸ್ಡಾದ ಹತ್ತನೇ ಕಟ್ಟಡ

ಕಿವಿ ಕೆಂಪಗೆ ಊದಿಕೊಳ್ಳುತ್ತದೆ, ದಿಂಬಿಗೆ ತಾಗಿಸಲಾಗದಷ್ಟು ನೋವು. ಓಲೆ ಹಾಕುವ ಹಾಲೆ ಮಾತ್ರ ಏನೂ ಆಗದಂತೆ ಇರುತ್ತದೆ. ಉರಿಯೂತ ಹಿಡಿದಿರುವುದು ಮೃದ್ವಸ್ಥಿಯನ್ನು, ಹಾಲೆಯಲ್ಲಿ ಅದಿಲ್ಲ. ಜೊತೆಗೆ ಬಂದು ಹೋಗುವ ಜ್ವರ, ಮೈಮೇಲೆ ಗಂಧೆ, ಇಳಿಯುತ್ತಲೇ ಇರುವ ಹಿಮೋಗ್ಲೋಬಿನ್. ಐವತ್ತು ದಾಟಿದ ಗಂಡಸು ಇಷ್ಟನ್ನೂ ಹೊತ್ತು ಚರ್ಮದ ವೈದ್ಯರಿಂದ ಕೀಲಿನ ವೈದ್ಯರಿಗೆ, ಅಲ್ಲಿಂದ ರಕ್ತದ ವೈದ್ಯರಿಗೆ ಅಲೆಯುತ್ತಾನೆ. ಒಬ್ಬೊಬ್ಬರದು ಒಂದೊಂದು ಹೆಸರು. ಇವೆಲ್ಲ ಒಂದೇ ಕಾಯಿಲೆಯೆಂದು 2020ರಲ್ಲಿ ತೋರಿಸಿಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ತಂಡ. ಕಾಯಿಲೆಯ ಹೆಸರು ವೆಕ್ಸಾಸ್.

ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ ಎನ್‌ಐಎಚ್‌ನ ಹತ್ತನೇ ನಂಬರಿನ ಕಟ್ಟಡವೇ ಕ್ಲಿನಿಕಲ್ ಸೆಂಟರ್. 1953ರಲ್ಲಿ ತೆರೆದ ಈ ಆಸ್ಪತ್ರೆ ಇರುವುದೇ ಸಂಶೋಧನೆಗೆ. ಚಿಕಿತ್ಸೆಗೆ ಬಿಲ್ ಇಲ್ಲ. 1985ರಲ್ಲಿ ಇಲ್ಲಿಗೆ ಬಂದ ಡೇನಿಯಲ್ ಕ್ಯಾಸ್ಟ್ನರ್ ಮೆಡಿಟರೇನಿಯನ್ ಸುತ್ತಲಿನ ಜನರಲ್ಲಿ ವಂಶಪಾರಂಪರ್ಯವಾಗಿ ಬರುವ ಒಂದು ಜ್ವರದ ಬೆನ್ನು ಹತ್ತಿದರು. ಅದರ ಜೀನ್ ಸಿಕ್ಕಿದ್ದು 1997ರಲ್ಲಿ, ಹನ್ನೆರಡು ವರ್ಷ! ಸೋಂಕಿಲ್ಲದೆ, ಪ್ರತಿಕಾಯಗಳ ದಾಳಿಯೂ ಇಲ್ಲದೆ, ದೇಹದ ಹುಟ್ಟು ರಕ್ಷಣೆಯೇ ತಾನಾಗಿ ಹೊತ್ತಿ ಉರಿಯುವ ಇಂಥ ಕಾಯಿಲೆಗಳದೇ ಒಂದು ಗುಂಪು ಎಂದು ಅವರ ಬಳಗ 1999ರಲ್ಲಿ ಹೇಳಿತು.

ಅದೇ ಗುಂಪಿನ ವೆಕ್ಸಾಸ್ ಪತ್ತೆಯಾದ ದಾರಿ ಮಾತ್ರ ಆ ಜ್ವರದ ಜೀನ್ ಸಿಕ್ಕ ದಾರಿಗೆ ತದ್ವಿರುದ್ಧ. ಲಕ್ಷಣ ಹೋಲುವ ರೋಗಿಗಳನ್ನು ಕೂಡಿಸಿ ಜೀನ್ ಹುಡುಕುವುದು ವಾಡಿಕೆ. ಎನ್‌ಐಎಚ್‌ನ ಡೇವಿಡ್ ಬೆಕ್ ಮತ್ತು ಸಂಗಡಿಗರು ಲಕ್ಷಣಗಳನ್ನು ಬದಿಗಿಟ್ಟರು. ಕಾರಣ ತಿಳಿಯದೆ ಉಳಿದಿದ್ದ 2,500ಕ್ಕೂ ಹೆಚ್ಚು ರೋಗಿಗಳ ಜೀನ್ ಮಾಹಿತಿಯಲ್ಲಿ, ಯುಬಿಕ್ವಿಟಿನ್‌ಗೆ ಸಂಬಂಧಪಟ್ಟ 800ಕ್ಕೂ ಹೆಚ್ಚು ಜೀನುಗಳನ್ನಷ್ಟೇ ಜಾಲಾಡಿದರು. ಜೀವಕೋಶದಲ್ಲಿ ಯಾವ ಪ್ರೋಟೀನ್ ಕಸಕ್ಕೆ ಹೋಗಬೇಕೆಂದು ತೋರಿಸಲು ಚೀಟಿಯಂತೆ ಅಂಟಿಕೊಳ್ಳುವ ಅಣು ಈ ಯುಬಿಕ್ವಿಟಿನ್. ಮೊದಲು ಸಿಕ್ಕವರು ಮೂವರು ಗಂಡಸರು, ಮೂವರಲ್ಲೂ ಯುಬಿಎ1 ಜೀನಿನ ಒಂದೇ ಜಾಗದಲ್ಲಿ ದೋಷ. ಹುಡುಕುತ್ತ ಹೋದಂತೆ ಸಂಖ್ಯೆ 25ಕ್ಕೇರಿತು. ಕಡತ ತೆರೆದು ನೋಡಿದರೆ ಎಲ್ಲರದೂ ಹೆಚ್ಚುಕಡಿಮೆ ಅದೇ ಕಥೆ.

ಈ ದೋಷ ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗುವುದಿಲ್ಲ. ವಯಸ್ಸಾದ ಮೇಲೆ ಮೂಳೆಮಜ್ಜೆಯ ಯಾವುದೋ ಒಂದು ಕಾಂಡಕೋಶದಲ್ಲಿ ದೋಷ ಹುಟ್ಟಿ, ಅದರ ಸಂತತಿ ರಕ್ತವನ್ನು ಆವರಿಸುತ್ತದೆ. ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಿಗೆ ಇರುವುದು ಒಂದೇ ಎಕ್ಸ್, ಕೆಟ್ಟರೆ ಬದಲಿ ಇಲ್ಲ. ಉರಿಯೂತದವರು ಮತ್ತು ರಕ್ತದವರು ಒಂದೇ ರೋಗಿಯನ್ನು ಬೇರೆಬೇರೆ ಕೋಣೆಗಳಲ್ಲಿ ನೋಡುತ್ತಿದ್ದರು ಎಂಬುದೇ ನನಗೆ ಈ ಸಂಶೋಧನೆಯ ಬಹುದೊಡ್ಡ ಸುದ್ದಿ.

2023ರಲ್ಲಿ ಪೆನ್ಸಿಲ್ವೇನಿಯಾದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಜೀನ್ ಮಾಹಿತಿ ಜಾಲಾಡಿದಾಗ 11 ಮಂದಿಯಲ್ಲಿ ಈ ದೋಷ ಕಂಡಿತು. ಅಂದಾಜಿನಂತೆ ಅಲ್ಲಿ ಐವತ್ತು ದಾಟಿದ ಸುಮಾರು 4,000 ಗಂಡಸರಲ್ಲಿ ಒಬ್ಬನಿಗೆ. ಸ್ಟೀರಾಯ್ಡ್ ಕೊಟ್ಟರೆ ಜ್ವರ ಇಳಿಯುತ್ತದೆ, ಕಡಿಮೆ ಮಾಡಿದರೆ ಮರಳುತ್ತದೆ. ಬೇರು ಸಮೇತ ಕೀಳಬಲ್ಲದ್ದು ಮೂಳೆಮಜ್ಜೆ ಕಸಿ. ಅದನ್ನು ತಾಳಿಕೊಳ್ಳುವ ಮೈ ಈ ವಯಸ್ಸಿನಲ್ಲಿ ಎಲ್ಲರಿಗೂ ಇರದು. ಈಗ ಮಜ್ಜೆಯ ಸ್ಲೈಡಿನಲ್ಲಿ ಎಳೆಯ ಕೋಶಗಳೊಳಗೆ ನೀರ್ಗುಳ್ಳೆಯಂಥ ಖಾಲಿ ಜಾಗಗಳು ಕಂಡರೆ, ರೋಗಿ ಗಂಡಸಾಗಿದ್ದು ಕೆಂಪುಕಣ ದೊಡ್ಡದಾಗಿದ್ದರೆ, ರಕ್ತತಜ್ಞರು ಯುಬಿಎ1 ಪರೀಕ್ಷೆಗೆ ಬರೆದುಕೊಡುತ್ತಾರೆ.