ಹಿತ್ತಲಲ್ಲಿ ಗೆಡ್ಡೆ, ಹೊಟ್ಟೆಗೆ ಹಿತ

ಅಡುಗೆಮನೆಯ ಬುಟ್ಟಿಯ ತಳದಲ್ಲಿ ಮೊಳಕೆಯೊಡೆದ ನಾಲ್ಕು ಆಲೂಗಡ್ಡೆಗಳು ನಿಮಗೂ ಸಿಕ್ಕಿರಬಹುದು. ಮೊಳಕೆ ಚಿವುಟಿ ಪಲ್ಯಕ್ಕೆ ಹಾಕುವ ಬದಲು ಅವನ್ನು ಮಣ್ಣಿಗೆ ಹಾಕಿ ನೋಡಿ. ಅದಕ್ಕೆ ತೋಟವೇ ಬೇಕೆಂದಿಲ್ಲ. ತಳದಲ್ಲಿ ತೂತು ಮಾಡಿದ ಹಳೆಯ ಸಿಮೆಂಟ್ ಚೀಲ, ಅದರ ಕಾಲುಭಾಗ ಮಣ್ಣು-ಗೊಬ್ಬರ, ದಿನಕ್ಕೆ ಐದಾರು ಗಂಟೆ ಬಿಸಿಲು ಇದ್ದರೆ ಸಾಕು. ಅಕ್ಟೋಬರ್-ನವೆಂಬರ್‌ನಲ್ಲಿ ನೆಟ್ಟರೆ ರಾತ್ರಿಯ ತಂಪಿಗೆ ಗೆಡ್ಡೆ ಚೆನ್ನಾಗಿ ಕಟ್ಟುತ್ತದೆ. ಗಿಡ ಗೇಣುದ್ದ ಬೆಳೆದಂತೆಲ್ಲ ಬುಡಕ್ಕೆ ಮಣ್ಣು ಏರಿಸುತ್ತಾ ಹೋಗಿ. ಸುಮಾರು ಮೂರು ತಿಂಗಳಿಗೆ ಎಲೆ ಹಳದಿಯಾಗಿ ಒಣಗಿದಾಗ ಅಗೆಯಬಹುದು.

ಈ ಮಣ್ಣು ಏರಿಸುವ ಕೆಲಸ ಇಳುವರಿಗಾಗಿ ಮಾತ್ರವಲ್ಲ, ನಿಮ್ಮ ಆರೋಗ್ಯಕ್ಕೂ ಬೇಕು. ಬೆಳಕು ಬಿದ್ದ ಆಲೂಗಡ್ಡೆ ಹಸಿರಾಗುತ್ತದೆ. ಆ ಹಸಿರು ಬಣ್ಣ ಕೇವಲ ಪತ್ರಹರಿತ್ತು, ಅದರಿಂದ ತೊಂದರೆಯಿಲ್ಲ. ಆದರೆ ಅದರ ಜೊತೆಗೇ ಸೊಲನಿನ್ ಎಂಬ ವಿಷವಸ್ತುವೂ ಹೆಚ್ಚುತ್ತದೆ. ಬೇಯಿಸಿದರೂ ಕರಿದರೂ ಅದು ಪೂರ್ತಿ ಹೋಗುವುದಿಲ್ಲ. ವಾಂತಿ, ಹೊಟ್ಟೆನೋವು, ಭೇದಿ, ತಲೆನೋವು ಕಾಣಿಸಿಕೊಳ್ಳಬಹುದು. ಚಿಕ್ಕ ಮಕ್ಕಳಿಗೆ ಸ್ವಲ್ಪವೇ ಸಾಕು. ಒಂದು ಮೂಲೆ ಹಸಿರಾಗಿದ್ದರೆ ಆಳವಾಗಿ ಕತ್ತರಿಸಿ ತೆಗೆಯಿರಿ. ಇಡೀ ಗೆಡ್ಡೆಯೇ ಹಸಿರಾಗಿದ್ದರೆ ಅಥವಾ ನಾಲಿಗೆಗೆ ಕಹಿ ಎನಿಸಿದರೆ ಜಿಪುಣತನ ಮಾಡದೆ ಎಸೆದುಬಿಡಿ. ಗಿಡ ಹೂಬಿಟ್ಟ ಮೇಲೆ ಒಮ್ಮೊಮ್ಮೆ ಟೊಮೆಟೊದಂಥ ಪುಟ್ಟ ಹಸಿರು ಕಾಯಿಗಳು ಕಚ್ಚುತ್ತವೆ. ಅವೂ ವಿಷವೇ. ಮನೆಯಲ್ಲಿ ಮಕ್ಕಳಿದ್ದರೆ ಅವನ್ನು ಮೊದಲೇ ಕಿತ್ತು ಹಾಕಿ.

ಇನ್ನು ಸುವರ್ಣಗೆಡ್ಡೆ. ಇದನ್ನು ಹೆಚ್ಚುವಾಗ 'ತುರಿಕೆ' ಎಂಬ ಮಾತನ್ನೇ ಎತ್ತಬಾರದು, ಎತ್ತಿದರೆ ತುರಿಸುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಮಾತೆತ್ತದೆಯೂ ತುರಿಸಿದ ಅನುಭವ ನನಗಿದೆ! ಗೆಡ್ಡೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು ಚರ್ಮಕ್ಕೂ ಗಂಟಲಿಗೂ ಚುಚ್ಚುವುದೇ ಇದಕ್ಕೆ ಕಾರಣ. ಕೈಗೆ ಕೊಬ್ಬರಿ ಎಣ್ಣೆ ಸವರಿ, ಒಣಗಿದ ಕೈಯಲ್ಲೇ ಹೆಚ್ಚಿ. ಹುಣಸೆ ನೀರಿನಲ್ಲಿ ಮೆತ್ತಗೆ ಬೇಯಿಸಿ ಆ ನೀರನ್ನು ಚೆಲ್ಲಿ. ಕೆಸುವಿಗೂ ಇದೇ ಉಪಾಯ. ತಿಂದ ಮೇಲೆ ತುಟಿ, ನಾಲಿಗೆ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಇವೆರಡನ್ನೂ ವೈದ್ಯರನ್ನು ಕೇಳಿಯೇ ತಿನ್ನುವುದು ಲೇಸು. ನೆಡುವುದಾದರೆ 'ಗಜೇಂದ್ರ' ತಳಿಯನ್ನು ಕೇಳಿ ತನ್ನಿ, ಅದರಲ್ಲಿ ತುರಿಕೆ ಬಹಳ ಕಡಿಮೆ. ಬೇಸಿಗೆಯ ಕೊನೆಯಲ್ಲಿ ಗುಂಡಿಗೆ ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟರೆ ಎಂಟು-ಒಂಬತ್ತು ತಿಂಗಳಲ್ಲಿ ಕೈಗೆ ಬರುತ್ತದೆ.

ಸಂಕ್ರಾಂತಿಯ ಗೆಣಸಂತೂ ಸೋಮಾರಿಗಳ ಬೆಳೆ; ಬಳ್ಳಿಯ ತುಂಡು ಚುಚ್ಚಿದರಾಯಿತು. ಒಳಗೆ ಕಿತ್ತಳೆ ಬಣ್ಣವಿರುವ ಗೆಣಸು ಸಿಕ್ಕಿದರೆ ಅದನ್ನೇ ಬೆಳೆಸಿ. ಕಣ್ಣಿಗೆ ಬೇಕಾದ 'ಎ' ಜೀವಸತ್ವವಾಗಿ ದೇಹದಲ್ಲಿ ಮಾರ್ಪಡುವ ಅಂಶ ಅದರಲ್ಲಿ ಹೇರಳ, ಬಿಳಿಯದರಲ್ಲಿ ಅತ್ಯಲ್ಪ. ಮರಗೆಣಸನ್ನು ಮಾತ್ರ ಎಂದೂ ಹಸಿಯಾಗಿ ತಿನ್ನಬೇಡಿ. ಅದರಲ್ಲಿ ಸೈನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಸಿಪ್ಪೆ ದಪ್ಪಗೆ ತೆಗೆದು, ಹೆಚ್ಚಿ, ನೆನೆಸಿ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಹೆಚ್ಚು ನೀರಿಟ್ಟು ಬೇಯಿಸಿ ನೀರು ಬಸಿಯಿರಿ. ಕಹಿ ಇದ್ದರೆ ಬೇಡ.

"ನನಗೆ ಸಕ್ಕರೆ ಕಾಯಿಲೆ, ಗೆಡ್ಡೆ ತಿನ್ನಲೇಬಾರದೇ?" ಎನ್ನುತ್ತೀರಾ? ತಿನ್ನಬಹುದು, ಆದರೆ ಅನ್ನದ ಬದಲಿಗೆ, ಅನ್ನದ ಜೊತೆಗಲ್ಲ. ತಟ್ಟೆ ತುಂಬ ಅನ್ನ, ಪಕ್ಕಕ್ಕೆ ಆಲೂಗಡ್ಡೆ ಪಲ್ಯ ಎಂದರೆ ಪಿಷ್ಟದ ಮೇಲೆ ಪಿಷ್ಟ. ಗೆಣಸನ್ನು ಸುಡುವುದಕ್ಕಿಂತ ನೀರಿನಲ್ಲಿ ಬೇಯಿಸಿ ತಿಂದರೆ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ.

ಅಗೆದ ಆಲೂಗಡ್ಡೆಯನ್ನು ತೊಳೆಯದೆ, ವಾರಕಾಲ ನೆರಳಲ್ಲಿ ಹರಡಿ, ಅನಂತರ ಕತ್ತಲೆಯ ಮೂಲೆಯಲ್ಲಿ ಗಾಳಿಯಾಡುವ ಬುಟ್ಟಿಗೆ ತುಂಬಿಡಿ. ಗುದ್ದಲಿಯ ಏಟು ತಿಂದವು ಬೇಗ ಕೊಳೆಯುತ್ತವೆ, ಅವನ್ನು ಅಂದೇ ಹುಳಿಗೆ ಹಾಕಿ.